ಗುರುವಾರ ಅತ್ತೆ ಎಲ್ಲಿಗೆ ಹೋಗುತ್ತಾರೆ

ಕಳೆದ ಜನವರಿಯ ಒಂದು ಮಂಗಳವಾರ ನನ್ನ ಅತ್ತೆ ಕಮಲ ಸುಳ್ಳು ಹೆಸರು ಹೇಳುವುದನ್ನು ನಾನು ಕಿವಿಯಾರೆ ಕೇಳಿದೆ.

ನಾನು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಆ ದಿನ ಒಂದು ಲಕೋಟೆ ತಲುಪಿಸಲು ವಿದ್ಯಾರ್ಥಿಗಳು ಪಾಠ ಕಲಿಯುವ ಪಕ್ಕದ ಕಟ್ಟಡಕ್ಕೆ ಹೋಗಿದ್ದೆ. ಅರ್ಧ ತೆರೆದ ಬಾಗಿಲಿನೊಳಗೆ ಮಂಚದ ಮೇಲೆ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದರು. ಸುತ್ತ ಬಿಳಿ ಕೋಟಿನ ಮೂವರು.

"ಅಮ್ಮಾ, ನಿಮ್ಮ ಹೆಸರು?"

"ಸುಶೀಲ."

"ಊರು?"

"ಹೆಬ್ರಿ. ಮೂರು ದಿನ ಆಯಿತು ಮಗಾ, ನೋವು ಇಲ್ಲಿ ಸುರುವಾಗಿ ಬೆನ್ನಿಗೆ ಹೋಗ್ತದೆ."

ಅದೇ ದನಿ ಬೆಳಿಗ್ಗೆ ಎಂಟು ಗಂಟೆಗೆ ಕಾಪುವಿನ ನಮ್ಮ ಮನೆಯ ಅಂಗಳದಲ್ಲಿ, "ಶಿಲ್ಪಾ, ಬುತ್ತಿ ಮರೆತೆ ನೋಡು" ಎಂದು ನನ್ನನ್ನು ಕೂಗಿತ್ತು. ಇವತ್ತು ಮಟ್ಟುವಿಗೆ ಹೋಗಿ ಗುಳ್ಳ ಬದನೆ ತರುತ್ತೇನೆ ಎಂದೂ ಹೇಳಿತ್ತು. ನಾನು ಗೋಡೆಗೆ ಒರಗಿ ನಿಂತೆ. ಒಳಗೆ ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಕೌಂಟರಿನಿಂದ ಫೋನು ಬಂತು, ಓಡಿದೆ. ಒಂದು ಗಂಟೆ ಬಿಟ್ಟು ಮತ್ತೆ ಬಂದಾಗ ಆ ಕೋಣೆ ಖಾಲಿ. ಕಿಟಕಿಯಿಂದ ನೋಡಿದರೆ ಅತ್ತೆ ಕೆಳಗೆ ಕ್ಯಾಂಟೀನಿನ ಹೊರಗೆ ನಿಂತು ಬನ್ಸ್ ತಿನ್ನುತ್ತಿದ್ದಾರೆ. ತಿಂದು, ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಕಡೆಗೆ ಸರಸರ ನಡೆದರು.

ಸಂಜೆ ಮನೆಯಲ್ಲಿ ಕೇಳಿದೆ, "ಮಟ್ಟುವಿನಿಂದ ಯಾವಾಗ ಬಂದಿರಿ ಅತ್ತೆ?"

"ಮಧ್ಯಾಹ್ನವೇ ಬಂದೆ. ಎಂತ ಬಿಸಿಲು ಮಾರಾಯ್ತಿ!"

ಅಡುಗೆಮನೆಯ ಬುಟ್ಟಿಯಲ್ಲಿ ನಾಲ್ಕು ಗುಳ್ಳ ಇತ್ತು. ಎಳೆಯದು, ತೊಟ್ಟಿನ ಮುಳ್ಳು ಇನ್ನೂ ಚುಚ್ಚುವಂಥದು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಸುಳ್ಳು ಹೇಳುವವರನ್ನು ನಾನು ಕೌಂಟರಿನಲ್ಲಿ ದಿನವೂ ನೋಡುತ್ತೇನೆ. ಸುಳ್ಳಿಗೆ ಸಾಕ್ಷಿಯನ್ನೂ ಕೊಂಡು ತರುವವರನ್ನು ನೋಡಿರಲಿಲ್ಲ.

ಈ ಮನೆಯಲ್ಲಿ ಸಂಶಯ ಶುರುವಾದದ್ದು ನನ್ನಿಂದಲ್ಲ, ಅತ್ತೆಯಿಂದ. ನನ್ನ ಅಪ್ಪ ಕಲ್ಲಯ್ಯ, ಅವ್ವ ಭಾಗವ್ವ ಕುಷ್ಟಗಿ ಕಡೆಯವರು. ಕಟ್ಟಡ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದವರು. ನಾನು ಹುಟ್ಟಿದ್ದು ತಗಡಿನ ಶೆಡ್ಡಿನಲ್ಲಿ. ಉಡುಪಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಲಕ್ಷಿತ್ ನನ್ನನ್ನು ಮದುವೆಯಾಗುತ್ತೇನೆ ಎಂದು ಮನೆಗೆ ಕರೆತಂದಾಗ ಅತ್ತೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿನಗೆ ಇವನಲ್ಲಿ ಎಂತ ಕಂಡಿತು?" ಬೇರೆ ಯಾರಾದರೂ ಕೇಳಿದ್ದರೆ ತಮಾಷೆ ಅಂದುಕೊಳ್ಳುತ್ತಿದ್ದೆ. ಅವರು ಉತ್ತರಕ್ಕಾಗಿ ಕಾದು ಕುಳಿತರು. ಮದುವೆಯಾಗಿ ಆರು ತಿಂಗಳವರೆಗೆ ಕಪಾಟಿನ ಕೀಲಿ ಅವರ ಸೊಂಟ ಬಿಟ್ಟು ಇಳಿಯಲಿಲ್ಲ. ನಾನು ಅವ್ವನೊಟ್ಟಿಗೆ ನಮ್ಮ ಕಡೆಯ ಕನ್ನಡದಲ್ಲಿ ಫೋನಿನಲ್ಲಿ ಮಾತಾಡಿದರೆ, ಅವರು ಬೀಡಿ ಸುತ್ತುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು.

ಬೀಡಿಯೇ ಅವರ ಬದುಕಾಗಿತ್ತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಹನ್ನೆರಡನೆಯ ವರ್ಷಕ್ಕೆ ಮೊರ ಹಿಡಿದು ಕೂತವರು. ಗಂಡ ಮುಂಬಯಿಯ ಹೋಟೆಲಿನಲ್ಲಿದ್ದರು. ಲಕ್ಷಿತನಿಗೆ ನಾಲ್ಕು ವರ್ಷವಾದಾಗ ಜ್ವರ ಹಿಡಿದು ಊರಿಗೆ ಬಂದರು, ಅದರಲ್ಲೇ ತೀರಿಕೊಂಡರು. ಆಮೇಲೆ ಎಲೆ, ಹೊಗೆಸೊಪ್ಪು, ನೂಲು. ನಲವತ್ತು ವರ್ಷಕ್ಕೂ ಹೆಚ್ಚು. ನಮ್ಮ ಮದುವೆಯಾದ ವರ್ಷವೇ ಲಕ್ಷಿತ್, "ಇನ್ನು ಸಾಕಮ್ಮ, ಆರಾಮಾಗಿ ಕೂತುಕೋ" ಎಂದು ಮೊರವನ್ನು ಅಟ್ಟಕ್ಕೆ ಹಾಕಿದ.

ಅವರು ಒಂದು ತಿಂಗಳು ಕೂತರು. ನಂತರ ಟೈಲರಿಂಗ್ ಕ್ಲಾಸಿಗೆ ಸೇರಿ ಮೂರು ತಿಂಗಳಿಗೆ ಬಿಟ್ಟರು. ಅಣಬೆ ಬೆಳೆಸಿದರು, ಬಿಟ್ಟರು. ಭಜನಾ ಮಂಡಳಿಯಲ್ಲಿ ತಾಳ ಹಾಕಿದರು, ಅದನ್ನೂ ಬಿಟ್ಟರು. ಒಂದು ದಿನ ಲಕ್ಷಿತ್ ಸಿಟ್ಟಿನಿಂದಲೇ ಹೇಳಿದ: "ಅಮ್ಮ, ಯಾವುದಾದರೂ ಒಂದನ್ನು ಗಟ್ಟಿಯಾಗಿ ಹಿಡಿ. ಊರಿನವರು ನಗಾಡ್ತಾರೆ." ಅತ್ತೆ "ಹೂಂ" ಅಂದರು. ಅಲ್ಲಿಂದ ಎರಡು ವರ್ಷ ಮನೆ ಶಾಂತವಾಗಿತ್ತು. ಅವರು ಆಗಾಗ ನೆಂಟರ ಮನೆಗೆ ಹೋಗುತ್ತಿದ್ದರು, ಅಷ್ಟೆ. ಕಾರ್ಕಳದಲ್ಲಿ ಕಾಯಿಲೆಯ ಚಿಕ್ಕಮ್ಮ, ಮಟ್ಟುವಿನಲ್ಲಿ ಬಾಲ್ಯದ ಗೆಳತಿ ಆನಿ. ಆ ಮಂಗಳವಾರದ ನಂತರ ನಾನು ಈ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಸಿಕೊಂಡೆ. ಕಾಯಿಲೆಯ ಚಿಕ್ಕಮ್ಮನಿಗೆ ಎರಡು ವರ್ಷದಲ್ಲಿ ವಾಸಿಯೂ ಆಗಿರಲಿಲ್ಲ, ಹೆಚ್ಚೂ ಆಗಿರಲಿಲ್ಲ. ಅವರು ಗುರುವಾರ ಮಾತ್ರ ಕಾಯಿಲೆ ಬೀಳುತ್ತಿದ್ದರು.

ಮಾಡಬಾರದ್ದನ್ನು ಮಾಡಿದೆ. ಅತ್ತೆ ಸ್ನಾನಕ್ಕೆ ಹೋದಾಗ ಅವರ ಚೀಲ ತೆರೆದೆ. ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿದ ಒಂದು ಉಕ್ಕಿನ ಉಳಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಸದ ಸಣ್ಣ ಗುಂಡುಗಳು. ಮಡಚಿದ ಕಾಗದದಲ್ಲಿ ಟೈಪು ಮಾಡಿದ ಕನ್ನಡ: ‘ಹೆಸರು ಸುಶೀಲ, ವಯಸ್ಸು 52, ಎರಡು ಮಕ್ಕಳು, ಗಂಡ ಕುಡಿಯುತ್ತಾನೆ, ಕೇಳಿದರೆ ಮಾತ್ರ ಹೇಳಬೇಕು.’ ಕೊನೆಯ ಸಾಲನ್ನು ಎರಡು ಸಲ ಓದಿದೆ. ಕೇಳಿದರೆ ಮಾತ್ರ ಹೇಳಬೇಕು! ಅವರ ಫೋನಿನಲ್ಲಿ ಗುಣಪಾಲ ಎಂಬವರಿಂದ ಆ ವಾರ ಐದು ಕರೆ.

ಅಲೆವೂರಿನಲ್ಲಿರುವ ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ಬಿಟ್ಟು ಎದೆ ಮುಟ್ಟಿಕೊಂಡಳು.

"ಕಬ್ಬಣ, ಸೀಸ, ಬ್ಯಾರೆ ಹೆಸರು... ಯವ್ವಾ, ಇದು ಮಾಟದ ಸಾಮಾನ ಇದ್ದಂಗ ಐತಿ. ಆಕಿ ಕೊಟ್ಟಿದ್ದು ಉಣಬ್ಯಾಡ ನೀನು."

ಲಕ್ಷಿತನ ತಲೆ ಬೇರೆ ಕಡೆ ಓಡಿತು. "ಗುಣಪಾಲ ಅಂದರೆ ಬ್ರೋಕರ್ ಇರಬೇಕು. ಹೈವೇ ಬದಿಯ ನಮ್ಮ ಏಳು ಸೆಂಟ್ಸ್ ಜಾಗದ ಮೇಲೆ ಯಾರದೋ ಕಣ್ಣು ಬಿದ್ದಿದೆ. ಸುಶೀಲ ಅನ್ನುವ ಹೆಸರಿನಲ್ಲಿ ಅಮ್ಮನಿಂದ ಸಹಿ ಹಾಕಿಸುತ್ತಿದ್ದಾರೆ." ತನ್ನ ಮಾತಿಗೆ ತಾನೇ ಹೆದರಿ ಅವನು ಪಹಣಿ ಹುಡುಕಲು ಎದ್ದ. ಪಹಣಿ ಇದ್ದಲ್ಲೇ ಇತ್ತು. ಅದರಿಂದ ಅವನ ಸಂಶಯ ಕಡಿಮೆಯೇನೂ ಆಗಲಿಲ್ಲ. ನಕಲು ಮಾಡಿಸಿ ಹಿಂದೆ ತಂದಿಟ್ಟಿರಬಹುದು ಅಂದ.

ಮುಂದಿನ ಗುರುವಾರ ನಾನು ರಜೆ ಹಾಕಿದೆ. ಅತ್ತೆ ಒಂಬತ್ತು ಗಂಟೆಗೆ ಹೊರಟರು. ನಾನು ಹೆಲ್ಮೆಟ್ ಹಾಕಿ ಸ್ಕೂಟರಿನಲ್ಲಿ ಹಿಂದೆ. ಪಡುಬಿದ್ರಿಯಲ್ಲಿ ಅವರು ಕಾರ್ಕಳದ ಬಸ್ಸು ಹತ್ತಿದರು. ನಂದಿಕೂರು ದಾಟಿ ಬೆಳ್ಮಣ್ಣು ಬರುವವರೆಗೂ ಆ ಬಸ್ಸಿನ ಹೊಗೆ ಕುಡಿದೆ. ಪ್ರತಿ ನಿಲುಗಡೆಯಲ್ಲೂ ಇಳಿಯುವವರ ಕಾಲು ನೋಡುತ್ತಿದ್ದೆ; ಅತ್ತೆಯ ನೀಲಿ ಹವಾಯಿ ಚಪ್ಪಲಿ ನನಗೆ ಗುರುತು. ಕಾರ್ಕಳ ಪೇಟೆಗೆ ಇನ್ನೂ ಒಂದು ಮೈಲಿ ಇರುವಾಗ ಆ ಚಪ್ಪಲಿ ಇಳಿಯಿತು. ಅವರು ಹಿಂದೆ ತಿರುಗಿ ನೋಡದೆ ಒಂದು ಮಣ್ಣುದಾರಿ ಹಿಡಿದರು.

ದಾರಿಯ ಕೊನೆಗೆ ಕಲ್ಲು ಕೆತ್ತುವ ಶೆಡ್ಡು. ಹೊರಗೆ ಅರ್ಧ ಮುಖದ ನಂದಿ, ಮೂಗಿಲ್ಲದ ನಾಗ, ಸಾಲಾಗಿ ರುಬ್ಬುವ ಕಲ್ಲು. ಒಳಗೆ ಬಿಳಿ ಧೂಳು. ನಾನು ಸ್ಕೂಟರನ್ನು ಮರದಡಿ ನಿಲ್ಲಿಸಿ ಹತ್ತು ನಿಮಿಷ ಕಾದು, ಬ್ರೋಕರನ ಕಾರು ಬರುತ್ತದೋ ಎಂದು ನೋಡಿದೆ. ಬರಲಿಲ್ಲ. ಒಳಗೆ ಇಣುಕಿದರೆ ಗಂಡಸರ ಅಂಗಿ ತೊಟ್ಟು, ಕಣ್ಣಿಗೆ ಕನ್ನಡಕ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಒಬ್ಬರು ಕುಳ್ಳ ಸ್ಟೂಲಿನ ಮೇಲೆ ಕೂತು ಕಪ್ಪು ಕಲ್ಲಿನ ಹಲಗೆಯ ಮೇಲೆ ಉಳಿ ಹೊಡೆಯುತ್ತಿದ್ದರು. ನೀಲಿ ಚಪ್ಪಲಿ ಪಕ್ಕದಲ್ಲಿ.

"ಅತ್ತೆ?"

ಅವರ ಸುತ್ತಿಗೆ ನಿಂತಿತು. ಬಾಯಿಯ ಬಟ್ಟೆ ಕೆಳಗೆ ಎಳೆದರು. ನಾಚಿಕೆ ಪಡುತ್ತಾರೆ ಅಂದುಕೊಂಡಿದ್ದೆ.

"ಎಷ್ಟು ದಿನದಿಂದ ನನ್ನ ಹಿಂದೆ ಬಿದ್ದಿದ್ದೀ?"

"ನೀವು ಎಷ್ಟು ದಿನದಿಂದ ಇಲ್ಲಿ ಬರುತ್ತಿದ್ದೀರಿ, ಅದನ್ನು ಹೇಳಿ."

ಮೂಲೆಯಿಂದ ತೆಳ್ಳಗಿನ ಮುದುಕರೊಬ್ಬರು ಎದ್ದು ಬಂದರು. ಅವರೇ ಗುಣಪಾಲ, ಶೆಡ್ಡಿನ ಯಜಮಾನರು. "ಸೊಸೆಯಾ? ಕೂತುಕೊಳ್ಳಿ" ಎಂದು ಒಂದು ಕಲ್ಲು ತೋರಿಸಿದರು. "ಇವರು ಬರಲು ಸುರು ಮಾಡಿ ಒಂದೂವರೆ ವರ್ಷ ಆಯಿತು. ನನ್ನಲ್ಲಿ ಕಲಿಯಲಿಕ್ಕೆ ಬರುವವರೆಲ್ಲ ಮೊದಲ ದಿನವೇ ದೇವರ ಮುಖ ಕೆತ್ತಬೇಕು ಅಂತಾರೆ. ಇವರಿಗೆ ಅಕ್ಷರ ಮಾತ್ರ ಸಾಕಂತೆ. ಮೂರು ತಿಂಗಳಿಂದ ‘ಳ’ದಲ್ಲಿ ನಿಂತಿದ್ದಾರೆ. ಹೋದ ವಾರ ಹೊಸ ಕಲ್ಲು ಬಂತು, ಅದಕ್ಕೇ ಫೋನು ಮಾಡುತ್ತಿದ್ದೆ."

ಹಲಗೆಯ ತುಂಬ ‘ಳ’ ಇತ್ತು. ಮೊದಲಿನವು ಬಾಲ ಮುರಿದವು. ಕೊನೆಯ ಎರಡು ಚೆನ್ನಾಗಿದ್ದವು, ಒಪ್ಪಿಕೊಳ್ಳಲೇಬೇಕು.

"ಶಾಲೆ ಬಿಟ್ಟ ದುಃಖಕ್ಕೆ ಅಕ್ಷರ ಕೆತ್ತುತ್ತಿದ್ದೀರಾ?" ನನಗೆ ಎಲ್ಲದಕ್ಕೂ ಒಂದು ಕಾರಣ ಸಿಗಲೇಬೇಕು.

"ಅದೆಲ್ಲ ಎಂತದೂ ಇಲ್ಲ. ಸರಿಯಾಗಿ ಹೊಡೆದರೆ ಒಳಗಿನ ಚೂರು ಏಳುವಾಗ ಒಂದು ಶಬ್ದ ಬರ್ತದೆ. ಅದು ನನಗೆ ಖುಷಿ."

"ಮತ್ತೆ ಆಸ್ಪತ್ರೆಯಲ್ಲಿ ಸುಶೀಲ?"

ಈಗ ಅವರ ಮುಖ ಸ್ವಲ್ಪ ಇಳಿಯಿತು. "ಅದನ್ನೂ ನೋಡಿದೆಯಾ? ನೀನು ಆ ಕಟ್ಟಡಕ್ಕೆ ಬರುವುದಿಲ್ಲ ಅಂತ ಎಣಿಸಿದ್ದೆ." ಆಮೇಲೆ ಒಂದೊಂದಾಗಿ ಹೇಳಿದರು. ಡಾಕ್ಟರಾಗುವ ಮಕ್ಕಳಿಗೆ ರೋಗಿಯೊಡನೆ ಮಾತಾಡಲು ಕಲಿಸುವುದಕ್ಕೆ, ರೋಗಿಯ ಹಾಗೆ ನಟಿಸುವವರು ಬೇಕು. ಅತ್ತೆ ಮಂಗಳವಾರ ಆ ಕೆಲಸಕ್ಕೆ ಹೋಗುತ್ತಾರೆ. ಕಾಗದದಲ್ಲಿ ಇದ್ದದ್ದು ಅವರ ಪಾತ್ರ. ಸೀಸದ ಗುಂಡು ಬೀಸುಬಲೆಯ ಅಂಚಿಗೆ ಕಟ್ಟುವುದು. ಮಟ್ಟುವಿನ ಹೊಳೆಯಲ್ಲಿ ಆನಿಯೊಟ್ಟಿಗೆ ಬಲೆ ಬೀಸಲು ಕಲಿಯುತ್ತಿದ್ದಾರೆ. ಗುಳ್ಳ ಬರುವುದೂ ಆನಿಯ ಮನೆಯಿಂದ. ಶನಿವಾರ ಮಧ್ಯಾಹ್ನ ಕಾಪು ಪೇಟೆಯಲ್ಲಿ ಆಸ್ಯಾ ಅವರ ಬಟ್ಟೆಯಂಗಡಿಯಲ್ಲಿ ಕೂತು ಆಸ್ಯಾ ಅವರ ಮನೆಮಾತು ಬ್ಯಾರಿ ಭಾಷೆ ಕಲಿಯುತ್ತಾರೆ.

"ಬ್ಯಾರಿ ಕಲಿತು ಎಂತ ಮಾಡುತ್ತೀರಿ?"

"ಮಾತಾಡುತ್ತೇನೆ."

"ಇದನ್ನೆಲ್ಲ ನಮಗೆ ಹೇಳಿದ್ದರೆ ಆಗುತ್ತಿರಲಿಲ್ಲವಾ?"

ಅವರು ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಒರೆಸಿದರು. "ಎರಡು ವರ್ಷದ ಹಿಂದೆ ನಮ್ಮ ಮಹಿಳಾ ಸಂಘದವರಿಗೆ ಉಡುಪಿಯಲ್ಲಿ ಒಂದು ತರಬೇತಿ ಇತ್ತು. ಕೋಟು ಹಾಕಿದವ ಒಬ್ಬ ಚೀಟಿ ಹಂಚಿದ. ನಿಮ್ಮ ಜೀವನದ ಗುರಿ ಬರೆಯಿರಿ ಅಂದ. ನಾನು ಐದು ಬರೆದೆ. ಅವ ಅದನ್ನು ಎಲ್ಲರ ಎದುರು ಓದಿ, ಅಕ್ಕಾ, ಗುರಿ ಅಂದರೆ ಒಂದೇ ಇರಬೇಕು ಅಂತ ನಾಲ್ಕಕ್ಕೆ ಅಡ್ಡ ಗೆರೆ ಎಳೆದು ಕೊಟ್ಟ. ಹೆಂಗಸರೆಲ್ಲ ನಗಾಡಿದರು. ನನಗೆ ಅವನ ಮೇಲೆಯೇ ಸಂಶಯ ಬಂತು. ಒಂದೇ ಕೆಲಸ ನಾನು ಮಾಡಲಿಲ್ಲವಾ? ನಲವತ್ತು ವರ್ಷ ಮಾಡಿದೆ. ಇನ್ನೂ ಒಂದೇ ಮಾಡು ಅನ್ನಲಿಕ್ಕೆ ಇವನಿಗೆ ಎಂತ ಲಾಭ? ಮನೆಗೆ ಬಂದರೆ ಲಕ್ಷಿತನದ್ದೂ ಅದೇ ಮಾತು. ಸರಿ, ಇನ್ನು ಇವರಿಗೆ ಹೇಳುವುದೇ ಬೇಡ ಅಂತ ಬಿಟ್ಟೆ."

ಹಿಂದಿರುಗುವಾಗ ಅವರು ನನ್ನ ಸ್ಕೂಟರಿನಲ್ಲಿ ಬಂದರು. ಅವರು ಹೇಳಿದ್ದನ್ನೆಲ್ಲ ನಾನು ನಂಬಿದೆ. ಆದರೂ ಹೇಳದೆ ಇದ್ದದ್ದು ಇನ್ನೇನೋ ಉಂಟು ಎಂದು ಒಳಗಿನಿಂದ ಕೊರೆಯುತ್ತಲೇ ಇತ್ತು. ಅವರು ಬಲಗೈಯಿಂದ ನನ್ನ ಭುಜ ಹಿಡಿಯುತ್ತಿರಲಿಲ್ಲ. ಎಡಗೈಯಿಂದ ಮಾತ್ರ ಹಿಡಿದಿದ್ದರು.

ಲಕ್ಷಿತ್ ನಂಬಲೇ ಇಲ್ಲ. ಜಾಗದ ಸಂಶಯ ಹೋಯಿತು, ಅದಕ್ಕಿಂತ ದೊಡ್ಡದು ಬಂತು. "ಐವತ್ತಾರು ವರ್ಷದ ಹೆಂಗಸು ಸುಮ್ಮನೆ ಐದಾರು ಕಡೆ ಓಡುತ್ತಾರಾ? ಬೇರೆ ಹೆಸರು ಹೇಳುತ್ತಾರಾ? ಇದು ಮರೆವಿನ ಕಾಯಿಲೆಯ ಸುರು ಇರಬೇಕು. ನಾನು ವಿಡಿಯೋದಲ್ಲಿ ನೋಡಿದ್ದೇನೆ." ಅಮ್ಮನನ್ನೇ ಕೇಳಿದ, "ಇದೆಲ್ಲ ಸೇರಿ ಕೊನೆಗೆ ಎಂತ ಆಗ್ತದೆ?"

"ಎಂತದೂ ಆಗುವುದಿಲ್ಲ" ಅಂದರು ಅತ್ತೆ.

ಅವನಿಗೆ ಆ ಉತ್ತರವೇ ಕಾಯಿಲೆಯ ಲಕ್ಷಣವಾಗಿ ಕಂಡಿತು. ಉಡುಪಿಯ ಒಂದು ಕ್ಲಿನಿಕ್ಕಿನಲ್ಲಿ ನರರೋಗದ ಡಾಕ್ಟರ ಸಮಯ ತೆಗೆದುಕೊಂಡ. ಬೇಡ ಎಂದು ನಾನು ಗಟ್ಟಿಯಾಗಿ ಹೇಳಲಿಲ್ಲ. ಯಾಕೆಂದರೆ ನನಗೂ ಪೂರ್ತಿ ಧೈರ್ಯವಿರಲಿಲ್ಲ.

ಡಾಕ್ಟರು ವಯಸ್ಸಾದವರು. ನಾವು ಮೂವರು ಒಳಗೆ ಕಾಲಿಟ್ಟದ್ದೇ ತಡ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು.

"ಓಹೋ, ಸುಶೀಲಮ್ಮ! ಇವತ್ತು ಎಂತ ಕಾಯಿಲೆ?"

ಲಕ್ಷಿತನ ಮುಖದ ಬಣ್ಣ ಹೋಯಿತು. ಅತ್ತೆ ಕೈ ಮುಗಿದು, "ಇವತ್ತು ನಾನು ಕಮಲ ಡಾಕ್ಟ್ರೇ" ಅಂದರು. ಮಂಗಳವಾರದ ಪಾಠಕ್ಕೆ ವಾರಗಟ್ಟಲೆ ಬಂದು ಅವರ ನಟನೆ ನೋಡಿದವರೇ ಈ ಡಾಕ್ಟರು. ಲಕ್ಷಿತ್ ತೊದಲುತ್ತ ವಿಷಯ ಹೇಳಿದ. ಡಾಕ್ಟರು ನಗು ನಿಲ್ಲಿಸಿ ಕ್ರಮವಾಗಿ ಪ್ರಶ್ನೆ ಕೇಳಿದರು: ತಾರೀಕು, ವಾರ, ನೂರರಿಂದ ಏಳೇಳು ಕಳೆಯುವುದು. ಅತ್ತೆ ಎಲ್ಲಕ್ಕೂ ಉತ್ತರಿಸಿ, ಕಳೆದ ತಿಂಗಳು ಯಾವ ಹುಡುಗ ಕೈ ತೊಳೆಯದೆ ಹೊಟ್ಟೆ ಮುಟ್ಟಿದ, ಯಾವ ಹುಡುಗಿ ಸುಶೀಲಳ ಗಂಡ ಕುಡಿಯುತ್ತಾನೆಂದು ತಿಳಿದು ಕಣ್ಣೀರು ಹಾಕಿದಳು ಎಂಬುದನ್ನೂ ಸೇರಿಸಿದರು.

"ನಿಮ್ಮ ತಾಯಿಯ ನೆನಪು ನನ್ನದಕ್ಕಿಂತ ಚೆನ್ನಾಗಿದೆ" ಎಂದರು ಡಾಕ್ಟರು. ನಾವು ಏಳಬೇಕು ಎನ್ನುವಾಗ ಒಂದು ಕಾಗದಕ್ಕೆ ಸಹಿ ಮಾಡಲು ಪೆನ್ನು ಕೊಟ್ಟರು. ಅತ್ತೆಯ ಕೈಯಿಂದ ಪೆನ್ನು ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಜಾರಿತು.

"ಕೈ ಜೋಮು ಹಿಡಿಯುತ್ತದಾ?"

"ಸ್ವಲ್ಪ. ನಿದ್ದೆಯಲ್ಲಿ ಹೆಚ್ಚು."

"ನಿಜ ಹೇಳುತ್ತಿದ್ದೀರೋ, ಅಭ್ಯಾಸಬಲವೋ?" ಡಾಕ್ಟರಿಗೂ ಸಂಶಯ. ಅವರು ಅತ್ತೆಯ ಬಲಗೈಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನ ಬುಡವನ್ನು ಒತ್ತಿದರು. ಅಲ್ಲಿ ಮಾಂಸ ಇಳಿದು ಹಳ್ಳವಾಗಿತ್ತು. "ಇದನ್ನು ನಟಿಸಲಿಕ್ಕೆ ಆಗುವುದಿಲ್ಲ" ಎಂದು ಮೆಲ್ಲನೆ ಹೇಳಿದರು.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿತ್ತು. ಚಿಕ್ಕ ಆಪರೇಷನ್ ಬೇಕು. ಉಳಿ, ಬಲೆ ಎರಡೂ ಬಂದ್. ಬಲೆಯನ್ನು ಮುಂದೆ ನೋಡೋಣ, ಉಳಿ ಹಿಡಿಯುವುದು ಅನುಮಾನ. ಲಕ್ಷಿತ್ ತಟ್ಟನೆ, "ನಾನು ಹೇಳಲಿಲ್ಲವಾ, ಆ ಕಲ್ಲಿನ ಕೆಲಸದಿಂದಲೇ" ಅಂದ.

"ಕಲ್ಲಿನಿಂದ ಸ್ವಲ್ಪ ಹೆಚ್ಚಾಗಿರಬಹುದು" ಎಂದರು ಡಾಕ್ಟರು. "ಆದರೆ ಇಷ್ಟು ಸವೆಯಲಿಕ್ಕೆ ಒಂದೂವರೆ ವರ್ಷ ಸಾಲುವುದಿಲ್ಲ. ಇದು ಹಳೆಯದು. ಮೊದಲು ಎಂತ ಕೆಲಸ ಮಾಡುತ್ತಿದ್ದರು?"

ಲಕ್ಷಿತ್ ಅಮ್ಮನ ಕೈಯನ್ನೇ ನೋಡುತ್ತ, "ಬೀಡಿ" ಅಂದ. ಅವನ ಶಾಲೆ, ಡಿಪ್ಲೊಮಾ, ಅಂಗಡಿ ಎಲ್ಲ ಆ ಬೆರಳುಗಳಿಂದಲೇ ಬಂದದ್ದು.

ಅತ್ತೆ ಕ್ಲಿನಿಕ್ಕಿನಲ್ಲಿ ಅಳಲಿಲ್ಲ. ಮನೆಗೆ ಬಂದು ಉಳಿಯನ್ನು ನನ್ನ ಕೈಗೆ ಕೊಟ್ಟರು. "ನೀನೇ ಎಲ್ಲಾದರೂ ಇಡು. ಎಲ್ಲಿಟ್ಟೆ ಅಂತ ನನಗೆ ಹೇಳಬೇಡ." ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತ ಕೂತಿದ್ದನ್ನು ನೋಡಿದೆ. ಗುಣಪಾಲರು ಫೋನು ಮಾಡಿದರೆ ನನ್ನಿಂದ ಮಾತಾಡಿಸಿದರು. ಆ ಎರಡು ದಿನ ಲಕ್ಷಿತನೂ ಮನೆಯಲ್ಲಿ ಹೆಜ್ಜೆಯ ಸದ್ದಾಗದಂತೆ ಓಡಾಡಿದ.

ಮೂರನೆಯ ದಿನ ಮಂಗಳವಾರ. ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅತ್ತೆ ಸೀರೆ ಉಟ್ಟು ಸಿದ್ಧ.

"ಎಲ್ಲಿಗೆ ಅತ್ತೆ?"

"ಮಣಿಪಾಲಕ್ಕೆ. ಇವತ್ತು ನನಗೆ ಎದೆನೋವು."

ಲಕ್ಷಿತನನ್ನು ಕೂಗಲು ಬಾಗಿಲಿನ ಕಡೆ ತಿರುಗಿದೆ. ಅದು ಇವತ್ತಿನ ಪಾತ್ರ ಎಂದು ಆಮೇಲೆ ಅರ್ಥವಾಯಿತು.

ಬಸ್ಸಿನವರೆಗೆ ಬಿಡುವಾಗ ಅವರೇ ಹೇಳಿದರು, "ಆ ತರಬೇತಿಯ ಕೋಟಿನವನ ಮಾತು ಕೇಳಿ ಕಲ್ಲೊಂದನ್ನೇ ಇಟ್ಟುಕೊಂಡಿದ್ದರೆ ಇವತ್ತು ನಾನು ಹಾಸಿಗೆಯಲ್ಲಿ ಇರುತ್ತಿದ್ದೆ ಶಿಲ್ಪಾ. ಬೇಸರ ಉಂಟು. ತುಂಬ ಉಂಟು. ಆದರೆ ಆ ಮಕ್ಕಳು ಕಾಯ್ತಾರಲ್ಲ."

ಮಾರ್ಚಿನಲ್ಲಿ ಆಪರೇಷನ್ ಆಯಿತು. ಕೈಗೆ ಬ್ಯಾಂಡೇಜು ಇದ್ದಾಗಲೂ ಮಂಗಳವಾರ ತಪ್ಪಿಸಲಿಲ್ಲ. ಎರಡು ವಾರ ಸ್ಕೂಟರಿನಿಂದ ಬಿದ್ದ ಹೆಂಗಸಾದರು. ಲಕ್ಷಿತ್ ಈಗ ತಾನೇ ಬೈಕಿನಲ್ಲಿ ಮಟ್ಟುವಿಗೆ ಬಿಡುತ್ತಾನೆ. ಪ್ರೀತಿಯಿಂದ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅಮ್ಮ ಬಲೆ ಮುಟ್ಟುತ್ತಾರೋ ಎಂದು ದಡದಲ್ಲಿ ಕಾವಲು ಕೂರುತ್ತಾನೆ ಎಂದು ಆನಿ ನನಗೆ ಹೇಳಿದರು. ಅತ್ತೆ ದಡದಿಂದಲೇ ಆನಿಗೆ, "ಎಡಕ್ಕೆ, ಎಡಕ್ಕೆ" ಎಂದು ಕೂಗುತ್ತಾರಂತೆ, ಆನಿಗೆ ಸಿಟ್ಟು ಬರುತ್ತದಂತೆ. ರೋಗಿಯ ನಟನೆಯನ್ನೇ ಹಿಡಿದುಕೊಂಡರೆ ಒಂದು ಹೆಸರು ಮಾಡಬಹುದು, ಚಾನೆಲ್ ಸುರು ಮಾಡೋಣ ಎಂದು ಲಕ್ಷಿತ್ ಈಗಲೂ ತಿಂಗಳಿಗೊಮ್ಮೆ ಹೇಳುತ್ತಾನೆ. ಅವರು "ಹೂಂ" ಅನ್ನುತ್ತಾರೆ. ಆ "ಹೂಂ" ಏನೆಂದು ಈಗ ನನಗೆ ಗೊತ್ತು.

ಅತ್ತೆ ಈಗ ಎಲ್ಲಿಗೆ ಹೋಗುವುದಾದರೂ ಬಾಗಿಲಲ್ಲಿ ನಿಂತು ದೊಡ್ಡದಾಗಿ ಹೇಳಿ ಹೋಗುತ್ತಾರೆ. ಎರಡು ವರ್ಷ ಅಷ್ಟು ಚೆನ್ನಾಗಿ ಮುಚ್ಚಿಟ್ಟವರು ಈಗ ಎಲ್ಲವನ್ನೂ ಹೇಳುತ್ತಾರೆ ಅಂದರೆ ನನಗೇಕೋ ಪೂರ್ತಿ ನಂಬಿಕೆ ಬರುವುದಿಲ್ಲ. ಗುರುವಾರ ಮಾತ್ರ "ಇಲ್ಲೇ ಸ್ವಲ್ಪ ಹೋಗಿ ಬರ್ತೇನೆ" ಅನ್ನುತ್ತಾರೆ. ಎಲ್ಲಿಗೆಂದು ನಾನು ಕೇಳಿಲ್ಲ, ಈ ಸಲ ಹಿಂದೆಯೂ ಹೋಗಿಲ್ಲ.

ಹೋದ ಶನಿವಾರ ನೈಟಿ ಕೊಳ್ಳಲು ಆಸ್ಯಾ ಅವರ ಅಂಗಡಿಗೆ ಹೋದೆ. ಅತ್ತೆ ಬಟ್ಟೆಯ ಕಟ್ಟುಗಳ ನಡುವೆ ಕಾಲು ಚಾಚಿ ಕೂತಿದ್ದರು. ಇಬ್ಬರೂ ಬ್ಯಾರಿಯಲ್ಲಿ ಜೋರಾಗಿ ಮಾತಾಡುತ್ತಿದ್ದರು. ನನ್ನನ್ನು ಕಂಡರೂ ನಿಲ್ಲಿಸಲಿಲ್ಲ. ಮಾತಿನ ನಡುವೆ ‘ಶಿಲ್ಪಾ’ ಎಂಬುದು ಸ್ಪಷ್ಟವಾಗಿ ಎರಡು ಸಲ ಕೇಳಿಸಿತು. ಆಸ್ಯಾ ನಗು ತಡೆಯಲಾರದೆ ಬಾಯಿಗೆ ಶಾಲು ಒತ್ತಿಕೊಂಡರು.

"ನನ್ನ ಬಗ್ಗೆ ಎಂತ ಹೇಳಿದಿರಿ ಅತ್ತೆ?"

ಅತ್ತೆ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಯ ಕಟ್ಟನ್ನು ಎಡಗೈಯಿಂದ ಕೆಳಗಿಟ್ಟು ಜಾಗ ಮಾಡಿದರು.

"ಕೂತುಕೋ" ಅಂದರು. "ನಾಲ್ಕು ಶನಿವಾರ ಬಂದರೆ ನಿನಗೇ ಗೊತ್ತಾಗ್ತದೆ."

ಕೂತೆ. ಅವರು ಏನು ಹೇಳಿದ್ದರೆಂದು ನನಗೆ ಇನ್ನೂ ತಿಳಿದಿಲ್ಲ.